25 ಸಾವಿರ ಮೆಗಾವಾಟ್ ಗ್ಯಾಸ್ ಸ್ಥಾವರ ಸುಮ್ನೆ ಕೂತಿದೆಯಂತೆ, ಮತ್ತೆ ನಮ್ಮನೆಗೆ ಯಾಕೆ ಕತ್ತಲೆ?

ಸುಮಾ_ಹೆಬ್ಬಾಳ
ನಿನ್ನೆ ಸಂಜೆ ಏಳಕ್ಕೆ ಹೋದ ಕರೆಂಟು ಬಂದದ್ದು ಒಂಬತ್ತೂವರೆಗೆ. ಮಗಳಿಗೆ ಬೆಳಿಗ್ಗೆ ಲೆಕ್ಕದ ಪರೀಕ್ಷೆ. ಯುಪಿಎಸ್ ಬ್ಯಾಟರಿ ಹಳೇದು, ಮುಕ್ಕಾಲು ಗಂಟೆ ಕೀಂ ಕೀಂ ಅಂತ ಅತ್ತು ಮಲಗಿಬಿಟ್ಟಿತು. ಮೊಬೈಲ್ ಟಾರ್ಚನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ತ್ರಿಕೋನಮಿತಿ ಮಾಡಿಸಿದೆ.

ಕತ್ತಲಲ್ಲಿ ಕೂತು ಮೊಬೈಲಲ್ಲಿ ಓದಿದ್ದು ಇದು: ದೇಶದಲ್ಲಿ 25,000 ಮೆಗಾವಾಟ್‌ನಷ್ಟು ಗ್ಯಾಸ್ ವಿದ್ಯುತ್ ಸ್ಥಾವರಗಳಿವೆ, ಅವುಗಳಲ್ಲಿ ಹೆಚ್ಚಿನವು ವರ್ಷದ ಬಹುಪಾಲು ದಿನ ಓಡುವುದೇ ಇಲ್ಲ. ನಾನು ಆಫೀಸಿಗೆ ಹೋಗುವ ದಾರಿಯಲ್ಲೇ ಯಲಹಂಕದ ಹೊಸ ಗ್ಯಾಸ್ ಸ್ಥಾವರದ ಚಿಮಣಿ ಕಾಣುತ್ತದೆ. ಒಂದು ದಿನವೂ ಹೊಗೆ ನೋಡಿಲ್ಲ. ಗ್ಯಾಸ್ ಇಲ್ಲವೋ, ದುಡ್ಡಿಲ್ಲವೋ, ಮನಸ್ಸಿಲ್ಲವೋ? ಗೊತ್ತಿದ್ದವರು ಹೇಳಿ. ಪಕ್ಷದ ಜಗಳ ಬೇಡ, ಪ್ಲೀಸ್.

ಫೀಡರ್_ಫಣಿ
ಮೇಡಂ, ಎರಡು ಬೇರೆ ಬೇರೆ ವಿಷಯ ಸೇರಿಸಿಬಿಟ್ಟಿದ್ದೀರಿ. ನಿಮ್ಮ ಬೀದಿಗೆ ಮಾತ್ರ ಹೋಗಿ ಪಕ್ಕದ ಬೀದಿಗೆ ಇತ್ತಾ? ಇದ್ದರೆ ಅದು ಫೀಡರ್ ಲೈನ್‌ದೋ ಟಿಸಿದೋ (ಬೀದಿಯ ಟ್ರಾನ್ಸ್‌ಫಾರ್ಮರ್) ತೊಂದರೆ. ಕತಾರ್‌ನಿಂದ ಹತ್ತು ಹಡಗು ಗ್ಯಾಸ್ ಬಂದರೂ ಸುಟ್ಟ ಜಂಪರ್ ತಂತಿ ಸರಿಯಾಗಲ್ಲ.

ಸುಮಾ_ಹೆಬ್ಬಾಳ
ಪಕ್ಕದ ಬೀದಿಗೆ ಇತ್ತು 😐 ಆದರೂ ನನ್ನ ಪ್ರಶ್ನೆ ಹಾಗೇ ಇದೆ.

ನಿವೃತ್ತ_ಆಪರೇಟರ್
ಮೊದಲು ಹೊಗೆ ವಿಷಯ. ಗ್ಯಾಸ್ ಟರ್ಬೈನ್ ಪೂರ್ತಿ ಲೋಡಲ್ಲಿ ಓಡುತ್ತಿದ್ದರೂ ಚಿಮಣಿಯಲ್ಲಿ ಹೊಗೆ ಕಾಣಲ್ಲ ಅಮ್ಮಾ. ಬೂದಿ ಇಲ್ಲ, ಮಸಿ ಇಲ್ಲ. ಚಿಮಣಿ ತುದಿಯ ಮೇಲೆ ಆಕಾಶ ಸ್ವಲ್ಪ ನಡುಗಿದ ಹಾಗೆ ಕಂಡರೆ, ಬಿಸಿಲಲ್ಲಿ ಟಾರ್ ರೋಡ್ ಮೇಲೆ ಕಾಣುತ್ತದಲ್ಲ ಹಾಗೆ, ಓಡುತ್ತಿದೆ ಅಂತ ಅರ್ಥ. ಹೊಗೆ ನೋಡಿ ಲೆಕ್ಕ ಹಾಕುವುದು ಕಲ್ಲಿದ್ದಲಿನವರ ಅಭ್ಯಾಸ.

ನಾನು 31 ವರ್ಷ ಕಲ್ಲಿದ್ದಲಿನ ಪಕ್ಕ ನಿಂತವನು. ಪೂರ್ತಿ ತಣ್ಣಗಾದ ಕಲ್ಲಿದ್ದಲು ಯೂನಿಟ್ಟನ್ನು ಮತ್ತೆ ಎಬ್ಬಿಸಬೇಕು ಅಂದರೆ ಒಂದು ಇಡೀ ಶಿಫ್ಟ್ ಸಾಲದು. ಬಾಯ್ಲರ್ ನಿಧಾನ ಬಿಸಿಯಾಗಬೇಕು, ಆತುರ ಪಟ್ಟರೆ ಟ್ಯೂಬ್ ಸೀಳುತ್ತದೆ. ಗ್ಯಾಸ್ ಟರ್ಬೈನ್ ಹಾಗಲ್ಲ, ಕಾಫಿ ಕುಡಿದು ಬರುವಷ್ಟರಲ್ಲಿ ಗ್ರಿಡ್‌ಗೆ ಸೇರಿರುತ್ತದೆ. ಯಲಹಂಕದ್ದು ಒಟ್ಟು 370 ಮೆಗಾವಾಟ್. ಗ್ಯಾಸ್ ಟರ್ಬೈನ್ ಸುಮಾರು 236. ಅದರ ಬಿಸಿ ಹೊಗೆಯನ್ನು ಬಿಡದೆ ನೀರು ಕಾಯಿಸಿ, ಆ ಆವಿಯಿಂದ ಇನ್ನೊಂದು ಟರ್ಬೈನ್ ತಿರುಗಿಸಿ 133. ಕಂಬೈಂಡ್ ಸೈಕಲ್ ಅನ್ನುವುದು ಇದಕ್ಕೇ. ಬೆಲ್ಲ ಮಾಡಿದ ಮೇಲೆ ಅದೇ ಒಲೆಯ ಕೆಂಡದಲ್ಲಿ ಗೆಣಸು ಸುಟ್ಟುಕೊಂಡ ಹಾಗೆ. ಆವಿಯ ಕಡೆ ಬಿಸಿಯಾಗಲು ಮಾತ್ರ ಇನ್ನೂ ಒಂದಿಷ್ಟು ಗಂಟೆ ಬೇಕು.

ಅದೇ ಜಾಗದಲ್ಲಿ ಮೊದಲು ಡೀಸೆಲ್ ಸ್ಥಾವರ ಇತ್ತು, 90ರ ದಶಕದ್ದು. ಆ ಸದ್ದು ಕೇಳಿದವರಿಗೆ ಇದು ದೇವಸ್ಥಾನ ಅನ್ನಿಸುತ್ತದೆ.

ಬಿಡದಿ_ಬಸ್ಸು
ಯಲಹಂಕದ್ದು ಉದ್ಘಾಟನೆ ಆಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ನಡುವೆ 2020ರಲ್ಲಿ ಬೆಂಕಿ ಅನಾಹುತ ಬೇರೆ ಆಗಿ ಇಂಜಿನಿಯರ್‌ಗಳಿಗೆ ಸುಟ್ಟ ಗಾಯ ಆಗಿತ್ತು. ನಮ್ಮ ಬಿಡದಿ ಕಥೆ ಇನ್ನೂ ಚೆನ್ನಾಗಿದೆ. ಅಲ್ಲೂ ಗ್ಯಾಸ್ ಸ್ಥಾವರ ಬರುತ್ತದೆ ಅಂತ ಜಾಗ ತಗೊಂಡರು. ಗ್ಯಾಸ್ ಬರಲೇ ಇಲ್ಲ. ಈಗ ಅಲ್ಲಿ ಬೆಂಗಳೂರಿನ ಕಸ ಸುಟ್ಟು 11.5 ಮೆಗಾವಾಟ್ ಮಾಡುವ ಸ್ಥಾವರ ಇದೆ. ಗ್ಯಾಸ್ ಕೇಳಿದ್ದಕ್ಕೆ ಕಸ ಸಿಕ್ಕಿತು.

ವೆಂಕಿ_ಜಯನಗರ
ಸಿಲಿಂಡರ್ ಬೆಲೆ ಏರುತ್ತಾ ಇರುವುದು ಇದಕ್ಕೇ. ಎಲ್ಲಾ ಗ್ಯಾಸನ್ನೂ ಕರೆಂಟಿಗೆ ಸುಡುತ್ತಾರೆ.

ಲೆಕ್ಕದ_ಮೇಷ್ಟ್ರು
ವೆಂಕಿ, ಸಿಲಿಂಡರ್‌ನಲ್ಲಿ ಇರುವುದು ಎಲ್‌ಪಿಜಿ. ಪ್ರೊಪೇನ್, ಬ್ಯುಟೇನ್. ಇಲ್ಲಿ ಮಾತಾಡುತ್ತಿರುವುದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಅಡುಗೆಮನೆಗೆ ಪೈಪಲ್ಲಿ ಬರುವುದು, ಆಟೋಗೆ ಸಿಎನ್‌ಜಿ ಆಗಿ ತುಂಬಿಸುವುದು, ಹಡಗಲ್ಲಿ ಎಲ್‌ಎನ್‌ಜಿ ಆಗಿ ಬರುವುದು, ಎಲ್ಲ ಇದೇ. ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ದ್ರವವಾಗಿ 600ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಕುಗ್ಗುತ್ತದೆ. ಹಾಗಾಗಿ ಹಡಗು.

ಇನ್ನು ಸುಮಾ ಮೇಡಂ ಪ್ರಶ್ನೆಗೆ ನನ್ನ ಉತ್ತರ ಒಂದೇ ಗುಣಾಕಾರ. ಗ್ಯಾಸ್ ಅಳೆಯುವುದು ಎಂಎಂಬಿಟಿಯು ಲೆಕ್ಕದಲ್ಲಿ. ಒಂದು ಎಂಎಂಬಿಟಿಯು ಅಂದರೆ 293 ಯೂನಿಟ್ ಶಾಖ. ಒಳ್ಳೆ ಸ್ಥಾವರ ಅದರಲ್ಲಿ ಅರ್ಧವನ್ನು ಕರೆಂಟ್ ಮಾಡುತ್ತದೆ ಅಂತ ಇಟ್ಟುಕೊಳ್ಳಿ, 146 ಯೂನಿಟ್.

ಗ್ಯಾಸ್ 12 ಡಾಲರ್, ಡಾಲರ್‌ಗೆ 85 ರೂಪಾಯಿ ಅಂದರೆ 1,020 ರೂಪಾಯಿ. 146ರಿಂದ ಭಾಗಿಸಿ. ಯೂನಿಟ್‌ಗೆ 7 ರೂಪಾಯಿ. ಇದು ಬರೀ ಗ್ಯಾಸಿನ ದುಡ್ಡು. ದ್ರವವನ್ನು ಮತ್ತೆ ಅನಿಲ ಮಾಡುವ ಖರ್ಚು, ಪೈಪ್‌ಲೈನ್ ಬಾಡಿಗೆ, ತೆರಿಗೆ (ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ), ಸ್ಥಾವರದ ಸಾಲದ ಕಂತು, ಸಂಬಳ, ಇವೆಲ್ಲ ಬೇರೆ. ಮಧ್ಯಾಹ್ನ ಪಾವಗಡದ ಸೋಲಾರ್ ಮೂರು ರೂಪಾಯಿ ಆಸುಪಾಸಲ್ಲಿ ಸಿಗುವಾಗ ಯಾವ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಇದನ್ನು ಕೊಳ್ಳುತ್ತದೆ? ಕಡಿಮೆ ಬೆಲೆಯ ಕರೆಂಟು ಮೊದಲು, ದುಬಾರಿಯದು ಕೊನೆಗೆ. ಮೆರಿಟ್ ಆರ್ಡರ್ ಅಂದರೆ ಅಷ್ಟೇ. ಗ್ಯಾಸ್ ಯಾವಾಗಲೂ ಸಾಲಿನ ಕೊನೆ.

ದಾವಣಗೆರೆ_ಬೆಣ್ಣೆ
ಮೇಷ್ಟ್ರೇ, ಬೆಲೆ ಯಾವಾಗಲೂ 12 ಇರುತ್ತಾ?

ಲೆಕ್ಕದ_ಮೇಷ್ಟ್ರು
ಇರಲ್ಲ, ಸಮಸ್ಯೆಯೇ ಅದು. 2020ರ ಬೇಸಿಗೆ, ಲಾಕ್‌ಡೌನ್ ಕಾಲ, ಏಷ್ಯಾದ ಸ್ಪಾಟ್ ಬೆಲೆ (ದೀರ್ಘ ಒಪ್ಪಂದವಿಲ್ಲದೆ ಆ ಹೊತ್ತಿಗೆ ಕೊಳ್ಳುವ ಬೆಲೆ) 2 ಡಾಲರ್‌ಗೂ ಕೆಳಗೆ ಬಿತ್ತು. ಅದೇ ಗುಣಾಕಾರ ಹಾಕಿದರೆ ಯೂನಿಟ್‌ಗೆ ಒಂದು ರೂಪಾಯಿ! 2022ರ ಆಗಸ್ಟ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದ ಮೇಲೆ, 70 ಡಾಲರ್ ಹತ್ತಿರ ಹೋಯಿತು. ಡಾಲರ್‌ಗೆ ಆಗ 80 ರೂಪಾಯಿ, ಅಂದರೆ ಯೂನಿಟ್‌ಗೆ 38 ರೂಪಾಯಿ. ಎರಡು ವರ್ಷದಲ್ಲಿ ಒಂದು ರೂಪಾಯಿಯಿಂದ 38ಕ್ಕೆ ಹೋಗುವ ಸಾಮಾನು ನಂಬಿ ಯಾರಾದರೂ ಅಂಗಡಿ ಇಡುತ್ತಾರಾ?

ಕೃಷ್ಣಾ_ಕಣಿವೆ
ಆದರೂ ಇಟ್ಟಿದ್ದರಲ್ಲ, ನಮ್ಮ ಪಕ್ಕದವರು. ಆಂಧ್ರದಲ್ಲಿ ಅಷ್ಟೊಂದು ಗ್ಯಾಸ್ ಸ್ಥಾವರ ಯಾಕೆ ಎದ್ದವು ಅಂತ ನೆನಪು ಮಾಡಿಕೊಳ್ಳಿ. 2009ರ ಏಪ್ರಿಲ್‌ನಲ್ಲಿ ಕೃಷ್ಣಾ-ಗೋದಾವರಿ ತೀರದ ಸಮುದ್ರದಾಳದ ಡಿ6 ಬಾವಿಗಳಿಂದ ಗ್ಯಾಸ್ ಬರಲು ಶುರುವಾಯಿತು. ಬೆಲೆ 4.2 ಡಾಲರ್. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆ ಅಂತ ಮಾತಿತ್ತು. 6 ಕೋಟಿಯವರೆಗೆ ಬಂತು ಕೂಡ. ನೆಲದ ಬೆಲೆ ಏರಿತು, ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟವು. ನಾಲ್ಕೇ ವರ್ಷ, ಉತ್ಪಾದನೆ ಕಾಲು ಭಾಗಕ್ಕೂ ಕೆಳಗೆ ಇಳಿಯಿತು. ಸಮುದ್ರದ ತಳದಲ್ಲಿ ಅಂದುಕೊಂಡಷ್ಟು ಇರಲಿಲ್ಲ ಅಂತ ಒಬ್ಬರು, ಬೆಲೆ ಏರಲಿ ಅಂತ ತಡೆದಿಟ್ಟಿದ್ದಾರೆ ಅಂತ ಇನ್ನೊಬ್ಬರು. ಅದರ ಜಗಳ ವರ್ಷಗಟ್ಟಲೆ ನಡೆಯಿತು.

ಸಾಮರ್ಲಕೋಟೆಯಲ್ಲಿ 2,400 ಮೆಗಾವಾಟ್‌ನದ್ದು ಕಟ್ಟಿ ನಿಲ್ಲಿಸಿದರು. ಗ್ಯಾಸೇ ಇಲ್ಲ. ಕೊನೆಗೆ ಅದರ ಒಂದು ಭಾಗದ ಯಂತ್ರಗಳು ಬಾಂಗ್ಲಾದೇಶದ ಮೇಘನಾಘಾಟ್‌ಗೆ ಹೋದವು.

ತಣ್ಣೀರುಬಾವಿ_ತಮ್ಮ
ಮಾರಾಯ್ರೆ, ನೀವು ಆಂಧ್ರದ ಕಥೆ ಹೇಳ್ತೀರಿ, ನಮ್ಮ ಮಂಗಳೂರಿನದ್ದೇ ಒಂದು ಇದೆ. ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

2001ರಲ್ಲಿ ತಣ್ಣೀರುಬಾವಿಯಲ್ಲಿ ಗುರುಪುರ ನದಿಯ ಬದಿ ತೇಲುವ ಬಾರ್ಜ್ ಮೇಲೆ 220 ಮೆಗಾವಾಟ್ ವಿದ್ಯುತ್ ಸ್ಥಾವರ ಬಂದಿತ್ತು. ನಾವು ಶಾಲೆಯ ಮಕ್ಕಳು ಬೀಚಿಗೆ ಹೋಗುವಾಗ ಅದನ್ನು ನೋಡಿ 'ಹಡಗಿನಲ್ಲಿ ಕರೆಂಟು' ಅಂತ ಹೇಳ್ತಿದ್ದೆವು. ಓಡುತ್ತಿದ್ದದ್ದು ನಾಫ್ತಾದಲ್ಲಿ, ಕಚ್ಚಾ ತೈಲದಿಂದ ತೆಗೆಯುವ ಒಂದು ಇಂಧನ. ಅದು ಸಿಕ್ಕಾಪಟ್ಟೆ ದುಬಾರಿ. ಏಳು ವರ್ಷದ ಒಪ್ಪಂದ ಮುಗಿದ ಮೇಲೆ ರಾಜ್ಯಕ್ಕೆ ಅದು ಬೇಡವಾಯಿತು. ಆಗ ಕೃಷ್ಣಾ-ಗೋದಾವರಿ ಗ್ಯಾಸಿನ ಗುಲ್ಲು. ಸರಿ, ಬಾರ್ಜನ್ನು ಅಲ್ಲಿಂದ ಎಬ್ಬಿಸಿ ಕಾಕಿನಾಡಕ್ಕೆ ತೆಗೆದುಕೊಂಡು ಹೋಗಿ ಗ್ಯಾಸಿಗೆ ಬದಲಾಯಿಸಿದರು. ಸ್ವಲ್ಪ ಸಮಯದಲ್ಲಿ ಅಲ್ಲಿ ಗ್ಯಾಸ್ ಖಾಲಿ!

ಇತ್ತ 2021ರ ಜನವರಿಯಲ್ಲಿ ಕೊಚ್ಚಿಯಿಂದ 450 ಕಿ.ಮೀ. ಪೈಪ್‌ಲೈನ್ ಹಾಕಿ ಮಂಗಳೂರಿಗೇ ಗ್ಯಾಸ್ ತಂದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಬಿಡದಿ_ಬಸ್ಸು
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಸಿನಿಮಾ ಮಾಡಬಹುದು.

ಫೀಡರ್_ಫಣಿ
ಈಗ ಮಂಗಳೂರಿಗೆ ಬಂದ ಗ್ಯಾಸ್ ಯಾರು ತಗೊಳ್ಳುತ್ತಿದ್ದಾರೆ?

ತಣ್ಣೀರುಬಾವಿ_ತಮ್ಮ
ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣದವರು, ಸಿಎನ್‌ಜಿ ಬಂಕು. ಕರೆಂಟಿಗೆ ಅಂತ ಏನೂ ಇಲ್ಲ.

ನೀತಿ_ನಿರಂಜನ
ಅದು ಸುಮ್ನೆ ಆದದ್ದಲ್ಲ. ನಮ್ಮದೇ ಬಾವಿಗಳ ಅಗ್ಗದ ಗ್ಯಾಸ್ ಯಾರಿಗೆ ಮೊದಲು ಅನ್ನುವುದಕ್ಕೆ ಕೇಂದ್ರದ ಪಟ್ಟಿ ಇದೆ. ಮನೆಯ ಪೈಪ್ ಗ್ಯಾಸ್ ಮತ್ತು ವಾಹನದ ಸಿಎನ್‌ಜಿ ಮೇಲೆ. ಆಮೇಲೆ ಗೊಬ್ಬರ. ವಿದ್ಯುತ್ ಕೆಳಗೆ. ಯೂರಿಯಾ ಮಾಡಲು ಗ್ಯಾಸ್ ಬೇಕೇ ಬೇಕು, ಕರೆಂಟ್ ಮಾಡಲು ಕಲ್ಲಿದ್ದಲು ಇದೆಯಲ್ಲ ಅನ್ನುವ ವಾದ. ತಪ್ಪು ಅಂತ ಹೇಳಲಾರೆ. ನಾವು ಬಳಸುವ ಗ್ಯಾಸಿನಲ್ಲಿ ಸುಮಾರು ಅರ್ಧ ಹೊರಗಿನದು. ದೇಶದ ಒಟ್ಟು ಕರೆಂಟಿನಲ್ಲಿ ಗ್ಯಾಸಿನ ಪಾಲು ನೂರಕ್ಕೆ ಎರಡರ ಆಸುಪಾಸು.

ಸುಮಾ ಅವರ 25,000 ಅನ್ನುವುದು ಸ್ವಲ್ಪ ಹಳೆ ಅಂಕಿ. ಮತ್ತೆ ಏಳುವ ಲಕ್ಷಣವೇ ಇಲ್ಲದ ಕೆಲವನ್ನು ಪಟ್ಟಿಯಿಂದ ತೆಗೆದಿದ್ದಾರೆ, ಈಗ 20,000 ಚಿಲ್ಲರೆ.

ಪಾವಗಡದ_ಹುಡುಗ
ಇಷ್ಟೆಲ್ಲಾ ಗೋಳು ಯಾಕೆ ಸರ್? ನಮ್ಮ ಕಡೆ 13,000 ಎಕರೆ ಸೋಲಾರ್, 2,050 ಮೆಗಾವಾಟ್. ಯಾವ ದೇಶವನ್ನೂ ಬೇಡಿಕೊಳ್ಳಬೇಕಿಲ್ಲ. ನಮ್ಮಪ್ಪ ಗುತ್ತಿಗೆಗೆ ಕೊಟ್ಟ ಜಮೀನಿಗೆ ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಗಿದ್ದು, ಆಗಾಗ ಏರಿಸುತ್ತಾರೆ. ಶೇಂಗಾ ಬೆಳೆದು ಅಷ್ಟು ಕಂಡವರೇ ಅಲ್ಲ ನಾವು. ಗ್ಯಾಸ್ ಸ್ಥಾವರ ಎಲ್ಲ ಗುಜರಿಗೆ ಹಾಕಿ.

ನಿವೃತ್ತ_ಆಪರೇಟರ್
ಸಂಜೆ ಆರೂವರೆಗೆ ನಿಮ್ಮ 13,000 ಎಕರೆಯೂ ಕನ್ನಡಿ ಅಷ್ಟೇ ಮಗಾ. ಆಗಲೇ ಊರಿನವರೆಲ್ಲ ಮನೆಗೆ ಬಂದು ಲೈಟು, ಫ್ಯಾನು, ಮಿಕ್ಸಿ, ಗೀಸರ್ ಎಲ್ಲಾ ಹಾಕುವುದು. ಮಧ್ಯಾಹ್ನ ಕಲ್ಲಿದ್ದಲು ಯೂನಿಟ್‌ಗೆ 'ಬ್ಯಾಕ್ ಡೌನ್ ಮಾಡಿ, ಉತ್ಪಾದನೆ ಇಳಿಸಿ, ಸೋಲಾರ್ ಜಾಸ್ತಿ ಇದೆ' ಅಂತ ಫೋನ್. ಐದೂವರೆಗೆ 'ಏರಿಸಿ, ಏರಿಸಿ' ಅಂತ ಅದೇ ಫೋನ್. ಕೊನೆಯ ಐದು ವರ್ಷ ಸರ್ವಿಸಿನಲ್ಲಿ ನನ್ನ ಕೆಲಸ ಇದೇ ಆಗಿತ್ತು. ಎತ್ತಿನ ಗಾಡಿಯನ್ನು ಸಿಗ್ನಲ್ಲಲ್ಲಿ ಓಡಿಸಿದ ಹಾಗೆ. ಅಂಥ ಹೊತ್ತಿಗೆ ಬೇಕಾದದ್ದು ಗ್ಯಾಸ್ ಟರ್ಬೈನು, ಇಲ್ಲ ಶರಾವತಿಯ ನೀರು.

ಪಾವಗಡದ_ಹುಡುಗ
ಬ್ಯಾಟರಿ ಇದೆಯಲ್ಲ ಅಜ್ಜ. ಬೆಲೆ ಬೀಳುತ್ತಾ ಇದೆ. ಸಂಜೆಯ ಎರಡು-ಮೂರು ಗಂಟೆಗೆ ಸಾಕು.

ಲೆಕ್ಕದ_ಮೇಷ್ಟ್ರು
ಸಂಜೆಗೆ ಸರಿ, ಒಪ್ಪುತ್ತೇನೆ. ಇನ್ನು ಕೆಲವು ವರ್ಷದಲ್ಲಿ ಸಂಜೆಯ ಪೀಕ್ ಕೆಲಸವನ್ನು ಬ್ಯಾಟರಿ ಗ್ಯಾಸಿನಿಂದ ಕಿತ್ತುಕೊಳ್ಳುತ್ತದೆ. ಆದರೆ 2023 ನೆನಪಿದೆಯಾ? ಮಳೆ ಕೈಕೊಟ್ಟಿತು. ಜಲಾಶಯ ಖಾಲಿ. ಐಪಿ ಸೆಟ್ (ರೈತರ ನೀರಾವರಿ ಪಂಪ್) ಎಲ್ಲಾ ಆಗಸ್ಟ್‌ನಲ್ಲೇ ಓಡಿದವು. ರೈತರು ತ್ರೀ ಫೇಸ್ ಕೊಡಿ ಅಂತ ರಸ್ತೆಗೆ ಇಳಿದರು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ, ಇಲ್ಲಿನ ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು ಅಂದಿತು. ಎರಡು ತಿಂಗಳ ಕೊರತೆಗೆ ಎರಡು ಗಂಟೆಯ ಬ್ಯಾಟರಿ ಏನು ಮಾಡುತ್ತದೆ? ಯುಪಿಎಸ್ ಕಥೆ ಸುಮಾ ಮೇಡಂ ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ.

ಸುಮಾ_ಹೆಬ್ಬಾಳ
😂 ನಮ್ಮ ಯುಪಿಎಸ್‌ಗೂ ಗೌರವ ಸಿಕ್ಕಿತು.

ನೀತಿ_ನಿರಂಜನ
ಅದೇ ಸೆಕ್ಷನ್ 11 ಅನ್ನು ಕೇಂದ್ರ ಗ್ಯಾಸ್ ಸ್ಥಾವರಗಳ ಮೇಲೂ ಬಳಸಿತು. 2024ರ ಮೇ 1ರಿಂದ ಜೂನ್ 30ರವರೆಗೆ ಎಲ್ಲರೂ ಓಡಲು ತಯಾರಿರಬೇಕು ಅಂತ ಆದೇಶ. ಆ ಮೇ 30ಕ್ಕೆ ದೇಶದ ಬೇಡಿಕೆ 2,50,000 ಮೆಗಾವಾಟ್ ಮುಟ್ಟಿತು. ಹಾಗಾಗಿ 'ಸುಮ್ನೆ ಕೂತಿದೆ' ಅನ್ನುವುದು ಪೂರ್ತಿ ಸರಿಯಲ್ಲ. ಮನೆಯಲ್ಲಿ ಅಟ್ಟದ ಮೇಲೆ ದೊಡ್ಡ ಪಾತ್ರೆ ಇಟ್ಟಿರುತ್ತೇವಲ್ಲ, ಮದುವೆಗೆ ಮಾತ್ರ ಇಳಿಸುವುದು. ಹಾಗೆ.

ದಾವಣಗೆರೆ_ಬೆಣ್ಣೆ
ಪಾತ್ರೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಲ್ಲ ಸಾರ್. ಸ್ಥಾವರಕ್ಕೆ ಓಡಲಿ ಬಿಡಲಿ ಫಿಕ್ಸೆಡ್ ಚಾರ್ಜ್ ಕಟ್ಟಬೇಕು, ಅದು ನನ್ನ ಬಿಲ್ಲಿಗೇ ಬರುವುದು.

ನೀತಿ_ನಿರಂಜನ
ಒಪ್ಪಿದೆ, ಹೋಲಿಕೆ ಕೈಕೊಟ್ಟಿತು. ಆದರೆ ಗಾಡಿಗೆ ಇನ್ಶೂರೆನ್ಸ್ ಕಟ್ಟಿ, ಆಕ್ಸಿಡೆಂಟ್ ಆಗಲಿಲ್ಲ ಅಂತ ದುಡ್ಡು ವಾಪಸ್ ಕೇಳುತ್ತೀರಾ?

ದಾವಣಗೆರೆ_ಬೆಣ್ಣೆ
ಇನ್ಶೂರೆನ್ಸ್ ಕಂಪನಿ ಆಕ್ಸಿಡೆಂಟ್ ಆದ ದಿನವೇ 'ಪೆಟ್ರೋಲ್ ದುಬಾರಿ, ಬರಕ್ಕಾಗಲ್ಲ' ಅಂದರೆ?

ದೋಹಾ_ಕನ್ನಡಿಗ
ಬೆಣ್ಣೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಸ್ಥಾವರ ಇಟ್ಟುಕೊಳ್ಳುವುದು ಅರ್ಧ ಭದ್ರತೆ. ಕಷ್ಟದ ದಿನ ಗ್ಯಾಸ್ ಕೊಡುವವನು ಯಾರು, ಅವನು ಮಾತಿಗೆ ನಿಲ್ಲುತ್ತಾನಾ ಅನ್ನುವುದು ಇನ್ನರ್ಧ.

ನಾನು 14 ವರ್ಷದಿಂದ ಇಲ್ಲಿ ಕತಾರ್‌ನ ದೋಹಾದಲ್ಲಿದ್ದೇನೆ. ಗ್ಯಾಸ್ ಕಂಪನಿಯಲ್ಲಲ್ಲ, ಅವರಿಗೆ ಊಟ ಸರಬರಾಜು ಮಾಡುವ ಕಡೆ. ಆದರೂ ಈ ಊರಲ್ಲಿ ಎಲ್ಲರ ಬಾಯಲ್ಲೂ ಕಾರ್ಗೋ ಮಾತೇ. ಭಾರತ ತರಿಸುವ ಎಲ್‌ಎನ್‌ಜಿಯಲ್ಲಿ ನೂರಕ್ಕೆ 40ರ ಆಸುಪಾಸು ಕತಾರ್‌ನದು, ರಾಸ್ ಲಫಾನ್ ಬಂದರಿನಿಂದ ಹೊರಡುವುದು. ಗುಜರಾತಿನ ದಹೇಜ್‌ಗೆ ವರ್ಷಕ್ಕೆ 75 ಲಕ್ಷ ಟನ್ ಕೊಡುವ ಒಪ್ಪಂದ 2028ಕ್ಕೆ ಮುಗಿಯಬೇಕಿತ್ತು. 2024ರ ಫೆಬ್ರುವರಿಯಲ್ಲಿ ಅದನ್ನು 2048ರವರೆಗೆ ಮುಂದುವರಿಸಿದರು.

ಇನ್ನೊಂದು ಹಳೆ ವಿಷಯ. 2015ರಲ್ಲಿ ಸ್ಪಾಟ್ ಬೆಲೆ ಬಿದ್ದಾಗ ಒಪ್ಪಂದದ ಬೆಲೆ ಅದಕ್ಕಿಂತ ತುಂಬಾ ಮೇಲಿತ್ತು. ನಮ್ಮವರು ಒಪ್ಪಿದಷ್ಟು ಎತ್ತಲಿಲ್ಲ. 'ಟೇಕ್ ಆರ್ ಪೇ' ಷರತ್ತಿನ ಪ್ರಕಾರ ಎತ್ತದಿದ್ದರೂ ದುಡ್ಡು ಕಟ್ಟಬೇಕು, ದಂಡ ಸುಮಾರು 12,000 ಕೋಟಿ ಆಗುತ್ತಿತ್ತು. ಕತಾರ್ ಕೂತು ಮಾತಾಡಿ ಬೆಲೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು, ದಂಡವನ್ನೂ ಬಿಟ್ಟಿತು. 2017ರಲ್ಲಿ ನೆರೆಯವರೆಲ್ಲ ಇಲ್ಲಿಗೆ ದಿಗ್ಬಂಧನ ಹಾಕಿದಾಗ ಹಾಲಿಗೂ ಪರದಾಟ. ಅಂಗಡಿಯಲ್ಲಿ ಮೊಸರಿನ ಕಪಾಟು ಖಾಲಿ ಇದ್ದದ್ದು ಕಣ್ಣಾರೆ ನೋಡಿದ್ದೇನೆ. ಆಗಲೂ ಸಮುದ್ರದಡಿಯ ಪೈಪಲ್ಲಿ ಯುಎಇಗೆ ಹೋಗುವ ಗ್ಯಾಸನ್ನು ಇವರು ನಿಲ್ಲಿಸಲಿಲ್ಲ.

ಕೃಷ್ಣಾ_ಕಣಿವೆ
ಜಗಳ ಆಡಿದವನ ಮನೆಗೂ ನೀರು ಬಿಟ್ಟ ಹಾಗಾಯಿತು. ನಮ್ಮ ಕಡೆ ನದಿ ವಿಷಯಕ್ಕೂ ಕಲಿಯಬಹುದು 😉

ಅಡ್ಮಿನ್
ಕಾವೇರಿ-ಕೃಷ್ಣೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಬೇಡ.

ಫೀಡರ್_ಫಣಿ
ಕತಾರ್ ಒಳ್ಳೆಯವರು, ಒಪ್ಪಿದೆ. ದಾರಿ ಒಳ್ಳೇದಾ? ಆ ಹಡಗೆಲ್ಲ ಹಾರ್ಮುಜ್ ಜಲಸಂಧಿ ದಾಟಬೇಕು. ಕಿರಿದಾದ ಕಡೆ 40 ಕಿ.ಮೀ. ಕೂಡ ಇಲ್ಲ. ಜಗತ್ತಿನ ಎಲ್‌ಎನ್‌ಜಿಯ ಐದನೇ ಒಂದು ಪಾಲು ಆ ಸಂದಿಯಲ್ಲೇ ತೂರಬೇಕು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಬಡಿದಾಡಿದ 12 ದಿನ ಇಡೀ ಜಗತ್ತು ಆ ಸಂದಿಯನ್ನೇ ನೋಡುತ್ತಾ ಕೂತಿತ್ತು.

ಮ್ಯೂನಿಕ್_ಮಂಜ
ಪೈಪ್ ಇದ್ದರೂ ಅಷ್ಟೇ ಗುರು. ಜರ್ಮನಿಗೆ ಬರುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 'ಶೀತಲ ಸಮರದಲ್ಲೂ ನಿಲ್ಲಲಿಲ್ಲ, ಈಗ ನಿಲ್ಲುತ್ತಾ' ಅಂತ ನನ್ನ ಆಫೀಸಿನ ಹಿರಿಯರೇ ಹೇಳುತ್ತಿದ್ದರು. 2022ರಲ್ಲಿ ನಿಂತಿತು. ಸರ್ಕಾರಿ ಕಟ್ಟಡಗಳಲ್ಲಿ 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಬಾರದು ಅಂತ ನಿಯಮ. ಮನೇಲಿ ನಾವು ಎರಡು ಸ್ವೆಟರ್, ಮೇಲೆ ಅಮ್ಮ ಕಳಿಸಿದ ಕಂಬಳಿ. ಮುಚ್ಚಲು ಇಟ್ಟಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಎಬ್ಬಿಸಿದರು.

ಉಳಿಸಿದ್ದು ಎರಡು. ನೆಲದಡಿಯಲ್ಲಿ ಗ್ಯಾಸ್ ಸಂಗ್ರಹ, ಚಳಿಗಾಲಕ್ಕೆ ಮೊದಲೇ ತುಂಬಿಟ್ಟಿದ್ದರು. ಇನ್ನೊಂದು ವಿಲ್ಹೆಲ್ಮ್‌ಸ್‌ಹಾಫನ್‌ನ ತೇಲುವ ಎಲ್‌ಎನ್‌ಜಿ ಟರ್ಮಿನಲ್, ಹತ್ತು ತಿಂಗಳೊಳಗೆ ಕಟ್ಟಿ ಡಿಸೆಂಬರ್‌ನಲ್ಲಿ ಶುರು. ರೈಲ್ವೆ ಸ್ಟೇಷನ್ ರಿಪೇರಿಗೆ ಹತ್ತು ವರ್ಷ ತೆಗೆದುಕೊಳ್ಳುವ ದೇಶ ಇದು, ನಂಬಿ.

ಬೇಜಾರಿನ ವಿಷಯ ಏನಂದರೆ, ಯುರೋಪ್ ದುಡ್ಡು ಸುರಿದು ಕೊಂಡಿದ್ದರಿಂದ ಬಾಂಗ್ಲಾ, ಪಾಕಿಸ್ತಾನಕ್ಕೆ ಹಡಗು ಸಿಗಲಿಲ್ಲ.

ನೀತಿ_ನಿರಂಜನ
ನಮಗೂ ಬಿಸಿ ತಟ್ಟಿತು. ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ರಷ್ಯಾದ ಗ್ಯಾಜ್‌ಪ್ರಾಮ್‌ನ ಸಿಂಗಾಪುರದ ಅಂಗಸಂಸ್ಥೆ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಆ ಸಂಸ್ಥೆಯ ಯಜಮಾನಿಕೆ ಜರ್ಮನಿಯ ಕೈಗೆ ಹೋಯಿತು. 2022ರ ಮಧ್ಯದಿಂದ ಕಾರ್ಗೋ ನಿಂತವು. ಒಪ್ಪಂದದ ದಂಡ ಕಟ್ಟಿಯೂ ಅವರಿಗೆ ಲಾಭ, ಯುರೋಪಿನಲ್ಲಿ ಬೆಲೆ ಅಷ್ಟಿತ್ತು! ಜಗಳ ಇತ್ಯರ್ಥ ಆಗಿದ್ದು 2025ರಲ್ಲಿ, 28.5 ಕೋಟಿ ಡಾಲರ್‌ಗೆ.

ದಾವಣಗೆರೆ_ಬೆಣ್ಣೆ
ನಮ್ಮಲ್ಲಿ ಗ್ಯಾಸ್ ಸಂಗ್ರಹ ಇಲ್ಲವಾ? ಪಾದೂರಿನಲ್ಲಿ ಬಂಡೆ ಕೊರೆದು ತುಂಬಿದ್ದಾರೆ ಅಂತ ಓದಿದ್ದೆ.

ತಣ್ಣೀರುಬಾವಿ_ತಮ್ಮ
ಅದು ಕಚ್ಚಾ ತೈಲ ಮಾರಾಯ್ರೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್. ಸಣ್ಣ ಕೊಳವೆಯ ಹಾಗೆ ಸುರಂಗ ಅಂದುಕೊಳ್ಳಬೇಡಿ, ಇಡೀ ಕಟ್ಟಡ ನಿಲ್ಲುವಷ್ಟು ಎತ್ತರದ ಗುಹೆಗಳು. ಮಂಗಳೂರಿನಲ್ಲಿ ಅಡುಗೆ ಗ್ಯಾಸಿಗೂ, ಎಲ್‌ಪಿಜಿಗೆ, ಒಂದು ಗುಹೆ ಬಂದಿದೆ. ನೈಸರ್ಗಿಕ ಅನಿಲಕ್ಕೆ ಮಾತ್ರ ಅಂಥದ್ದು ದೇಶದಲ್ಲಿ ಎಲ್ಲೂ ಇಲ್ಲ. ಬಂದರಿನ ಟ್ಯಾಂಕಿನಲ್ಲಿ ಇದ್ದಷ್ಟೇ.

ಲೆಕ್ಕದ_ಮೇಷ್ಟ್ರು
ಟ್ಯಾಂಕಿನಲ್ಲೂ ಬಹಳ ದಿನ ಇಡಲಾಗದು, ಎಷ್ಟೇ ಮುಚ್ಚಿಟ್ಟರೂ ದಿನಾ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಬೆಳಿಗ್ಗೆಯಿಂದ ಒಂದು ಲೆಕ್ಕ ತಲೆಯಲ್ಲಿದೆ, ಹಾಕಿಬಿಡುತ್ತೇನೆ. ಒಂದು ಸಾಮಾನ್ಯ ಹಡಗಿನಲ್ಲಿ 34 ಲಕ್ಷ ಎಂಎಂಬಿಟಿಯು ಬರುತ್ತದೆ. ಯಲಹಂಕದ 370 ಮೆಗಾವಾಟ್ ಪೂರ್ತಿ ಓಡಿದರೆ ಗಂಟೆಗೆ ಸುಮಾರು 2,500 ಬೇಕು. ಅಂದರೆ ಒಂದು ಹಡಗು ಸುಮಾರು 56 ದಿನ. 12 ಡಾಲರ್ ಆದರೆ ಆ ಹಡಗಿನ ಬೆಲೆ 350 ಕೋಟಿ ರೂಪಾಯಿ. ಸಾಮಾನ್ಯ ವಿದ್ಯುತ್ ಮಾರುಕಟ್ಟೆಯಲ್ಲಿ ಯೂನಿಟ್‌ಗೆ 10 ರೂಪಾಯಿ ಮಿತಿ ಇದೆ, ಅದಕ್ಕಿಂತ ಮೇಲೆ ಮಾರುವ ಹಾಗಿಲ್ಲ. ಹಡಗು ತರಿಸಿದ ವಾರವೇ ಮಳೆ ಸುರಿದು ಶರಾವತಿ ತುಂಬಿದರೆ ಆ ಕರೆಂಟನ್ನು ಕೇಳುವವರೇ ಇಲ್ಲ. ಅಧಿಕಾರಿಯಾಗಿ ನೀವು ಸಹಿ ಹಾಕುತ್ತೀರಾ?

ಪಾವಗಡದ_ಹುಡುಗ
ನಾನಂತೂ ಹಾಕಲ್ಲ. ಅದಕ್ಕೇ ಹೇಳಿದ್ದು ಗುಜರಿ ಅಂತ.

ಆಸ್ಟಿನ್_ಅಮ್ಮಣ್ಣಿ
ನಾನು ಹಾಕುತ್ತೇನೆ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್‌ನಲ್ಲಿ ಇದ್ದವಳು ನಾನು, ಹಾಗಾಗಿ.

ಗ್ಯಾಸಿನ ಮೇಲೇ ಕೂತಿರುವ ರಾಜ್ಯ ಇದು. ಹಡಗು ಬೇಡ, ಹಾರ್ಮುಜ್ ಇಲ್ಲ. ಮಂಜು ಬಿತ್ತು. ಬಾವಿಯ ಬಾಯಲ್ಲಿ ಹಿಮ ಕಟ್ಟಿ ಗ್ಯಾಸ್ ಕಡಿಮೆಯಾಯಿತು. ಗ್ಯಾಸ್ ಕಡಿಮೆಯಾಗಿ ಕರೆಂಟ್ ಕಡಿಮೆಯಾಯಿತು. ಕರೆಂಟ್ ಉಳಿಸಲು ಅಲ್ಲಲ್ಲಿ ಲೈನ್ ಕಡಿದರು. ಆ ಕಡಿದ ಲೈನುಗಳಲ್ಲಿ ಕೆಲವು ಗ್ಯಾಸ್ ಪೈಪಿನ ಕಂಪ್ರೆಸರ್‌ಗಳಿಗೆ ಹೋಗುತ್ತಿದ್ದವು! ಗ್ಯಾಸ್ ಇನ್ನೂ ಕಡಿಮೆ. ನಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. 45 ಲಕ್ಷ ಮನೆಗೆ ಕತ್ತಲೆ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇನ್ನು 4 ನಿಮಿಷ 37 ಸೆಕೆಂಡ್ ಕಳೆದಿದ್ದರೆ ಇಡೀ ಗ್ರಿಡ್ ಬೀಳುತ್ತಿತ್ತು ಅಂತ ಆಮೇಲೆ ಹೇಳಿದರು.

ಮೂರು ದಿನ ನಮ್ಮನೆಯಲ್ಲಿ ಕರೆಂಟಿಲ್ಲ. ಎರಡನೇ ದಿನ ಹಳೇ ಪುಸ್ತಕದ ಕಪಾಟು ಒಡೆದು ಬೆಂಕಿಗೂಡಿಗೆ ಹಾಕಿದೆವು. ಬಾಟಲಿಯಲ್ಲಿದ್ದ ತೆಂಗಿನೆಣ್ಣೆ ಕಲ್ಲಾಗಿತ್ತು. ದೇವರ ದೀಪಕ್ಕೆ ಇಟ್ಟಿದ್ದ ಎಳ್ಳೆಣ್ಣೆಯಲ್ಲೇ ಆರು ಹಣತೆ ಹಚ್ಚಿ ಮಕ್ಕಳನ್ನು ಸುತ್ತ ಕೂರಿಸಿದ್ದೆ. 350 ಕೋಟಿ ಜಾಸ್ತಿ ಅನ್ನಿಸುವುದು ಕರೆಂಟ್ ಇರುವಾಗ.

ಪಾವಗಡದ_ಹುಡುಗ
ಅಕ್ಕಾ, ಅದಕ್ಕೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಆದರೆ ನೋಡಿ, ಅಲ್ಲಿ ಗ್ಯಾಸ್ ಇದ್ದೂ ಹಾಗಾಯಿತಲ್ಲ?

ಆಸ್ಟಿನ್_ಅಮ್ಮಣ್ಣಿ
ಹೌದು ತಮ್ಮಾ. ಒಂದನ್ನೇ ನಂಬಿದ್ದಕ್ಕೆ.

ಕೃಷ್ಣಾ_ಕಣಿವೆ
ತೈವಾನ್‌ದೂ ಸೇರಿಸಿ. 2017ರ ಆಗಸ್ಟ್ 15. ಡಾಟಾನ್ ಅನ್ನುವ ದೊಡ್ಡ ಗ್ಯಾಸ್ ಸ್ಥಾವರದಲ್ಲಿ ಕೆಲಸಗಾರರು ಏನೋ ಬದಲಾಯಿಸುವಾಗ ಗ್ಯಾಸ್ ವಾಲ್ವ್ ಎರಡೇ ನಿಮಿಷ ಮುಚ್ಚಿತು. ಆರೂ ಯೂನಿಟ್ ಒಟ್ಟಿಗೆ ಬಿದ್ದವು, 4,000 ಮೆಗಾವಾಟ್‌ಗೂ ಜಾಸ್ತಿ. ಲಕ್ಷಗಟ್ಟಲೆ ಮನೆಗೆ ಕತ್ತಲೆ, ಮಂತ್ರಿ ಅದೇ ದಿನ ರಾಜೀನಾಮೆ ಕೊಟ್ಟರು.

ವೆಂಕಿ_ಜಯನಗರ
ಎರಡು ನಿಮಿಷಕ್ಕೆ ಮಂತ್ರಿ ರಾಜೀನಾಮೆ! ನಮ್ಮಲ್ಲಿ ಎರಡೂವರೆ ಗಂಟೆಗೆ ಲೈನ್‌ಮ್ಯಾನ್ ಫೋನ್ ಎತ್ತಿದರೆ ಪುಣ್ಯ.

ನಿವೃತ್ತ_ಆಪರೇಟರ್
ಲೈನ್‌ಮ್ಯಾನ್ ಬಗ್ಗೆ ಹಗುರವಾಗಿ ಮಾತಾಡಬೇಡಿ. ಮಳೆಯಲ್ಲಿ ಕಂಬ ಹತ್ತುವವನು ಅವನು.

ಗುಜರಿ ಅಂದವರಿಗೆ ಒಂದು ಮಾತು. ಮಹಾರಾಷ್ಟ್ರದ ದಾಭೋಲ್ ಗ್ಯಾಸ್ ಸ್ಥಾವರ ನೆನಪು ಮಾಡಿಕೊಳ್ಳಿ. ಅಮೆರಿಕದ ಎನ್ರಾನ್ ಕಂಪನಿ ಕಟ್ಟಿದ್ದು, 2001ರಲ್ಲಿ ಮುಚ್ಚಿತು, ಕಂಪನಿಯೂ ಅದೇ ವರ್ಷ ದಿವಾಳಿ. 'ಮುಗಿಯಿತು' ಅಂದರು. 2005ರಲ್ಲಿ ಸರ್ಕಾರಿ ಕಂಪನಿಗಳು ತೆಗೆದುಕೊಂಡು ಎಬ್ಬಿಸಿದವು, ಆಮೇಲೆ ಅಲ್ಲಿನ ಕರೆಂಟನ್ನು ರೈಲ್ವೆ ಕೊಂಡಿತು. ಅದಕ್ಕಾಗಿ ಕಟ್ಟಿದ ಎಲ್‌ಎನ್‌ಜಿ ಬಂದರಿನಿಂದಲೇ 2013ರಲ್ಲಿ ಬೆಂಗಳೂರಿಗೆ ಪೈಪ್ ಬಂದದ್ದು, ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ದಾರಿಯಾಗಿ. ಆ ಬಂದರಿಗೆ ಅಲೆತಡೆ ಗೋಡೆ ಇಲ್ಲದೆ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗೇ ನಿಲ್ಲುತ್ತಿರಲಿಲ್ಲ, ಅದು ಬೇರೆ ಗೋಳು. ಅಂದು ಗುಜರಿಗೆ ಹಾಕಿದ್ದರೆ ಯಲಹಂಕಕ್ಕೆ ಪೈಪೇ ಇರುತ್ತಿರಲಿಲ್ಲವೇನೋ.

ಫೀಡರ್_ಫಣಿ
ಹಾಗಾದರೆ ಯಲಹಂಕವನ್ನು ಬೇಸಿಗೆಯ ಸಂಜೆಗೆ, ಬರದ ವರ್ಷಕ್ಕೆ ಅಂತಲೇ ಇಟ್ಟುಕೊಳ್ಳಲಿ. ಆದರೆ ಗ್ಯಾಸನ್ನು ಜನವರಿಯಲ್ಲೇ ಮಾತಾಡಿಡಲಿ. ಏಪ್ರಿಲ್‌ನಲ್ಲಿ ಬೆವರು ಸುರಿಯುವಾಗ ಸ್ಪಾಟ್‌ಗೆ ಓಡುವುದು ಬೇಡ. ಹಬ್ಬದ ಹಿಂದಿನ ರಾತ್ರಿ ಹೂವಿನ ಮಾರ್ಕೆಟ್‌ಗೆ ಹೋದ ಹಾಗಾಗುತ್ತದೆ.

ಲೆಕ್ಕದ_ಮೇಷ್ಟ್ರು
ಇದಕ್ಕೆ ನನ್ನ ಸಹಿ ಇದೆ. ಅರ್ಧ ಹಡಗಿಗೆ ಮಾತ್ರ.

ಬಿಡದಿ_ಬಸ್ಸು
ಪೈಪ್ ಗ್ಯಾಸ್ ಅಂದದ್ದಕ್ಕೆ ನೆನಪಾಯಿತು. ನಮ್ಮ ಅಪಾರ್ಟ್‌ಮೆಂಟಿಗೆ ಹಾಕಿಸಿ ಅಂತ ಮೀಟಿಂಗ್ ನಡೀತಾ ಇದೆ. ಹಾಕಿಸಿಕೊಂಡವರು ಹೇಳಿ, ಒಗ್ಗರಣೆಗೆ ಉರಿ ಸಾಲುತ್ತಾ?

ದಾವಣಗೆರೆ_ಬೆಣ್ಣೆ
ಸಾಲುತ್ತದೆ. ಬರ್ನರ್‌ನ ಜೆಟ್ ಬದಲಾಯಿಸಿಕೊಡುತ್ತಾರೆ, ಇಲ್ಲದಿದ್ದರೆ ಉರಿ ಸಣ್ಣ. ನಮ್ಮಮ್ಮ ಮಾತ್ರ ಸಿಲಿಂಡರ್ ವಾಪಸ್ ಕೊಡಲು ಬಿಡಲಿಲ್ಲ. 'ಪೈಪಿಗೆ ಏನಾದರೂ ಆದರೆ?' ಅಂತ ಒಂದನ್ನು ಬಾಲ್ಕನಿಯಲ್ಲಿ ಇಡಿಸಿದ್ದಾರೆ.

ನೀತಿ_ನಿರಂಜನ
ಅವರನ್ನು ಇಂಧನ ಇಲಾಖೆಗೆ ಕಳಿಸಿ.

ಸುಮಾ_ಹೆಬ್ಬಾಳ
ಎಲ್ಲರಿಗೂ ಥ್ಯಾಂಕ್ಸ್, ಒಂದು ಪಿಎಚ್‌ಡಿ ಆಯಿತು. ಅಪ್‌ಡೇಟ್: ಬೆಳಿಗ್ಗೆ ಲೈನ್‌ಮ್ಯಾನ್ ಬಂದಿದ್ದರು. ಫಣಿ ಅವರು ಹೇಳಿದ ಹಾಗೆ ಟಿಸಿಯೇ. ಅಳಿಲು ಒಳಗೆ ಹೋಗಿ ಶಾರ್ಟ್ ಆಗಿದೆಯಂತೆ, ಪಾಪ. ಇವತ್ತು ಯಲಹಂಕದ ಮುಂದೆ ಹೋಗುವಾಗ ಗಾಡಿ ನಿಲ್ಲಿಸಿ ಚಿಮಣಿ ತುದಿ ನೋಡಿದೆ. ಆಕಾಶ ನಡುಗುತ್ತಿತ್ತೋ ನನ್ನ ಕನ್ನಡಕ ಕೊಳೆಯಾಗಿತ್ತೋ ಗೊತ್ತಾಗಲಿಲ್ಲ. ಮಗಳು ಪರೀಕ್ಷೆ ಚೆನ್ನಾಗಿ ಬರೆದಳಂತೆ.

ನಿವೃತ್ತ_ಆಪರೇಟರ್
ಕನ್ನಡಕ ಒರೆಸಿಕೊಂಡು ಸಂಜೆ ಏಳಕ್ಕೆ ಹೋಗಿ ನೋಡಿ ಅಮ್ಮಾ. ಬೆಳಿಗ್ಗೆ ಅಲ್ಲ.